ಮಳಿ ರಜಾ ಸಿಕ್ಕದ: ಮಿರ್ಚಿ, ಮಳಿ ಅಳತಿ, ಮನ್ಯಾಗಿನ ಹಿಮ ಹೆಂಗ?

ಪ್ರಶ್ನೆ (ಸೇಡಂ ರಸ್ತೆ, ಕಲಬುರಗಿ)

ಜಿಲ್ಲಾಧಿಕಾರಿಗಳ ಆದೇಶ ಬೆಳಿಗ್ಗೆ ವಾಟ್ಸಾಪ್‌ನಾಗ ಬಂತು, ಇವತ್ತು ಶಾಲಿಗೆ ರಜಾ. ಮಕ್ಕಳು ಇಬ್ಬರು, 11 ವರ್ಷದಾಕಿ, 6 ವರ್ಷದಾಂವ. ನಾವೂ ಇಬ್ಬರೂ ಮನ್ಯಾಗೇ ಇದ್ದೀವಿ. ಕರೆಂಟ್ ಹೋಗೋದು ಬರೋದು ನಡದದ, ಮೊಬೈಲ್ ಕೈಗೆ ಕೊಡೋ ಮನಸಿಲ್ಲ. ತಿಳಿದವರು ಹೇಳ್ರಿ.

ಮಿರ್ಚಿ ಕರಿದ್ರ ಹಿಟ್ಟು ಕಾಯಿ ಬಿಟ್ಟು ಎಣ್ಯಾಗ ಬೀಳ್ತದ, ಬೀಳದೆ ಉಳಿದದ್ದು ಹತ್ತು ನಿಮಿಷಕ್ಕ ಮೆತ್ತಗಾಗ್ತದ. ಯಾಕ? ಚುರಮುರಿ ನೆನಸಿ ಮಾಡೋ ಸುಸಲಾನೂ ಮುದ್ದಿ ಆಗ್ತದ. ಮಗಳು "ಎಷ್ಟು ಮಳಿ ಬಂದ್ರ ಭಾರಿ ಮಳಿ ಅಂತಾರ" ಅಂತ ಕೇಳ್ತಾಳ, ಮನ್ಯಾಗ ಅಳಿಲಿಕ್ಕೆ ಬರ್ತದೇನು? ಸಣ್ಣಾಂವ ಟಿವ್ಯಾಗ ಮನಾಲಿ ನೋಡ್ಯಾನ, "ನಮ್ಮೂರಾಗ ಹಿಮ ಯಾಕ ಬೀಳಂಗಿಲ್ಲ" ಅಂತ ಬೆನ್ನು ಹತ್ಯಾನ.

ಉತ್ತರ 1 (ಬ್ರಹ್ಮಪುರ, ಕಲಬುರಗಿ)

ಅಕ್ಕಾರೆ, ಮೊದಲು ಮಿರ್ಚಿ. ಹಿಟ್ಟು ಬಿಡೋದು ಕಾಯಿ ಮ್ಯಾಲಿನ ನೀರಿನಿಂದ. ಮೆಣಸಿನಕಾಯಿ ಸಿಪ್ಪಿ ಮೊದಲೇ ನುಣುಪು. ಅದರ ಮ್ಯಾಲ ಹನಿ ನೀರು ಉಳಿದ್ರೂ ಕಾದ ಎಣ್ಯಾಗ ಆವಿ ಆಗಿ ಹಿಟ್ಟನ್ನ ಒಳಗಿಂದ ದೂಡ್ತದ. ಒಣ ಅರಿವಿಲೆ ಒರಸ್ರಿ, ಒಣ ಕಡ್ಲಿಹಿಟ್ಟಿನಾಗ ಒಮ್ಮೆ ಹೊರಳಿಸಿ ಕೊಡವ್ರಿ, ಆಮ್ಯಾಲ ಕಲಸಿದ ಹಿಟ್ಟಿನಾಗ ಅದ್ದ್ರಿ.

ತಿಳಿಹಸಿರು ಉದ್ದನ್ನ ಕಾಯಿ 10-12 ತಗೋರಿ. ತೊಟ್ಟು ಬಿಟ್ಟು ಉದ್ದಕ್ಕ ಒಂದೇ ಕಡೆ ಸೀಳ್ರಿ. ಸೀಳದೆ ಹಾಕಿದ್ರ ಒಳಗಿನ ಆವಿ ಒಡೆದು ಎಣ್ಣಿ ಸಿಡೀತದ, ಮಕ್ಕಳು ಒಲಿ ಹತ್ರ ಇರೋವಾಗ ಇದೊಂದು ಮರೀಬ್ಯಾಡ್ರಿ. ಖಾರ ಜಾಸ್ತಿ ಇರೋದು ಬೀಜ ಹಿಡಿದಿರೋ ಬಿಳಿ ನರದಾಗ, ಸಣ್ಣಾಂವಗ ಕೊಡೋದು ಇದ್ರ ಅದನ್ನ ಪೂರಾ ಕೆರೆದು ತೆಗೀರಿ. ಒಳಗ ಗಟ್ಟಿ ಹುಣಸಿ ರಸ, ಅಜವಾನ, ಜೀರಗಿ ಪುಡಿ, ಉಪ್ಪು ಕಲಸಿ ತೆಳ್ಳಗ ಸವರ್ರಿ.

ಹಿಟ್ಟಿಗೆ: ಕಡ್ಲಿಹಿಟ್ಟು 250 ಗ್ರಾಂ, ಅಕ್ಕಿ ಹಿಟ್ಟು 2 ಚಮಚ, ಉಪ್ಪು 1 ಸಣ್ಣ ಚಮಚ, ಸೋಡಾ ಎರಡು ಬೆರಳಿಗೆ ಬಂದಷ್ಟು. ಮಳಿಗಾಲದಾಗ ಕಡ್ಲಿಹಿಟ್ಟು ಥಂಡಿ ಹಿಡಿದು ಗಂಟು ಕಟ್ಟಿರ್ತದ, ಜರಡಿ ಹಿಡೀರಿ. ನೀರು ಸುಮಾರು 250 ಮಿ.ಲೀ., ಆದ್ರ ಒಮ್ಮೆಲೆ ಸುರೀಬ್ಯಾಡ್ರಿ. ಚಮಚದ ಬೆನ್ನಿಗೆ ಹಿಟ್ಟು ಹತ್ತಬೇಕು, ಬೆರಳಿಲೆ ಗೆರಿ ಎಳೆದ್ರ ಗೆರಿ ಕೂಡಬಾರದು. ಅದೇ ಹದ. ಸೋಡಾ ಹೆಚ್ಚಾದ್ರ ಹಿಟ್ಟು ಎಣ್ಣಿ ಕುಡೀತದ.

ಮೆತ್ತಗಾಗೋದಕ್ಕ ಕಾರಣ ಮೆಣಸಿನಕಾಯಿ ಒಳಗಿನ ನೀರೇ. ತೆಗೆದ ಮ್ಯಾಲೂ ಆವಿ ಹೊರಗ ಬರ್ತಾ ಇರ್ತದ. ಡಬ್ಬಿಗೆ ಹಾಕಿ ಮುಚ್ಚಿದ್ರ, ಒಂದರ ಮ್ಯಾಲ ಒಂದು ಇಟ್ರ, ಆ ಆವಿ ಮತ್ತ ಹಿಟ್ಟಿಗೇ ಸೇರ್ತದ. ಜಾಳಿಗಿ ಮ್ಯಾಲ ಬಿಡಿಬಿಡಿ ಇಡ್ರಿ. ಗರಿಗರಿ ಬೇಕಂದ್ರ ಕಟ್ ಮಿರ್ಚಿನೇ ಸರಿ: ಮೊದಲ ಸಲ ನಡುವಿನ ಉರಿ ಮ್ಯಾಲ 3-4 ನಿಮಿಷ, ಬಣ್ಣ ತಿಳಿ ಇದ್ದಾಗಲೇ ತೆಗೀರಿ. 5 ನಿಮಿಷ ಆರಿಸಿ, ನಾಕು ತುಂಡು ಮಾಡಿ, ಎಣ್ಣಿ ಇನ್ನಷ್ಟು ಕಾಸಿ 1 ನಿಮಿಷ ಕರೀರಿ. ಮ್ಯಾಲ ಹಸಿ ಉಳ್ಳಾಗಡ್ಡಿ, ನಿಂಬಿಹಣ್ಣು.

ಸುಸಲಾಕ್ಕ ಚುರಮುರಿ ನೆನಿಲಿಕ್ಕೆ ಬಿಟ್ಟು ಬ್ಯಾರೆ ಕೆಲಸಕ್ಕ ಹೋಗಬ್ಯಾಡ್ರಿ. ನೀರಾಗ ಮುಳುಗಿಸಿ 10 ಎಣಿಸೋದ್ರಾಗ ತೆಗೆದು ಅಂಗೈಯಾಗ ಹಿಂಡ್ರಿ. 200 ಗ್ರಾಂ ಚುರಮುರಿಗೆ ಪುಟಾಣಿ ಹಿಟ್ಟು 4 ಚಮಚ. ಒಗ್ಗರಣಿ ಒಲಿ ಆರಿಸಿದ ಮ್ಯಾಲ ಚುರಮುರಿ, ಕಡೀಗೆ ಪುಟಾಣಿ ಹಿಟ್ಟು. ಉಳಿದ ನೀರು ಅದು ಹೀರ್ಕೋತದ, ಕಾಳು ಬಿಡಿಬಿಡಿ ನಿಲ್ತಾವ.

ಉತ್ತರ 2 (ಯಾದಗಿರಿ)

ಮಗಳ ಪ್ರಶ್ನೆ ತುಂಬಾ ಚೆನ್ನಾಗಿದೆ, ಅದಕ್ಕೆ ಇವತ್ತೇ ಉತ್ತರ ಸಿಗುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ತಾಸಿನಲ್ಲಿ 64.5 ಮಿ.ಮೀ. ಮುಟ್ಟಿದರೆ "ಭಾರಿ ಮಳೆ", 115.6 ಮುಟ್ಟಿದರೆ "ಅತಿ ಭಾರಿ". 15.6ರಿಂದ 64.4ರವರೆಗೆ "ಸಾಧಾರಣ". ದಿನದ ಲೆಕ್ಕ ಬೆಳಿಗ್ಗೆ 8:30ರಿಂದ ಮರುದಿನ 8:30ಕ್ಕೆ.

ಅಳೆಯಲು ಗೋಡೆ ನೇರವಿರುವ ಸ್ಟೀಲ್ ಡಬ್ಬಿ ಸಾಕು. ಬಾಯಿ ಮತ್ತು ತಳ ಒಂದೇ ಅಗಲ ಇರಬೇಕು. ತಂಪು ಪಾನೀಯದ ಬಾಟಲಿ ಕತ್ತರಿಸಿ ಮಾಡುವವರು ಅದರ ತಳದ ಉಬ್ಬುತಗ್ಗು ಮರೆಯುತ್ತಾರೆ, ಅಳತೆ ತಪ್ಪುವುದು ಅಲ್ಲೇ. ಬಾಟಲಿಯೇ ಇದ್ದರೆ ತಗ್ಗು ಮುಚ್ಚಿ ನೇರ ಭಾಗ ಶುರುವಾಗುವವರೆಗೆ ನೀರು ತುಂಬಿ, ಆ ಗೆರೆಯನ್ನೇ ಸೊನ್ನೆ ಎಂದು ಗುರುತು ಹಾಕಿ.

ಡಬ್ಬಿಯನ್ನು ಗೋಡೆಗೆ ಒತ್ತಿ ಇಡಬೇಡಿ. ಗೋಡೆ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ಇದ್ದರೆ ಒಳ್ಳೆಯದು. ಬಾಯಿ ನೆಲದಿಂದ ಸುಮಾರು 30 ಸೆಂ.ಮೀ. ಮೇಲಿರಲಿ, ಇಲ್ಲವಾದರೆ ನೆಲಕ್ಕೆ ಬಿದ್ದ ಹನಿ ಸಿಡಿದು ಒಳಗೆ ಬೀಳುತ್ತದೆ. ಮಾಳಿಗೆಗಿಂತ ಅಂಗಳ ಲೇಸು, ಮೇಲೆ ಗಾಳಿ ಹನಿಗಳನ್ನು ಪಕ್ಕಕ್ಕೆ ಒಯ್ಯುತ್ತದೆ. ಡಬ್ಬಿ ಇಡುವುದು, ತರುವುದು ಎರಡೂ ಗುಡುಗು ನಿಂತ ಮೇಲೆ.

ಸ್ಕೇಲ್ ಇಳಿಸಿ ನೋಡುವುದಕ್ಕಿಂತ ನೀರನ್ನೇ ಅಳೆದರೆ ಲೆಕ್ಕ ಖಚಿತ. ಔಷಧಿಯ ಸಿರಿಂಜ್ ಅಥವಾ ಅಳತೆ ಲೋಟದಿಂದ ಮಿ.ಲೀ. ತೆಗೆಯಿರಿ. ಅದನ್ನು ಬಾಯಿಯ ವಿಸ್ತೀರ್ಣದಿಂದ ಭಾಗಿಸಿ 10ರಿಂದ ಗುಣಿಸಿ. ಬಾಯಿ 10 ಸೆಂ.ಮೀ. ಅಗಲ ಎಂದರೆ ವಿಸ್ತೀರ್ಣ 78.5 ಚದರ ಸೆಂ.ಮೀ. ಅದರಲ್ಲಿ 500 ಮಿ.ಲೀ. ನೀರು ಬಿದ್ದಿದ್ದರೆ 63.7 ಮಿ.ಮೀ., ಭಾರಿ ಮಳೆಗೆ ಕೂದಲೆಳೆ ಕಮ್ಮಿ. 1000 ಚದರ ಅಡಿ ಮಾಳಿಗೆ ಮೇಲೆ 1 ಮಿ.ಮೀ. ಮಳೆ ಅಂದರೆ 93 ಲೀಟರ್ ನೀರು. ಆ 63.7ರಿಂದ ಎಷ್ಟು ಕೊಡ ತುಂಬುತ್ತವೆ ಅಂತ ಮಗಳೇ ಲೆಕ್ಕ ಹಾಕಲಿ.

ಉತ್ತರ 3 (ಬೀದರ)

ಸಣ್ಣಾಂವಗ ಹೇಳ್ರಿ, ಹಿಮ ನಮ್ಮ ತಲಿ ಮ್ಯಾಲೇ ಅದ, ಕೆಳಗ ಮುಟ್ಟಂಗಿಲ್ಲ ಅಷ್ಟೇ. ಮಳಿಗಾಲದಾಗ ನಮ್ಮ ಕಡೆ ಸುಮಾರು 5 ಕಿ.ಮೀ. ಮ್ಯಾಲ ಹೋದ್ರ 0 ಡಿಗ್ರಿ. ದೊಡ್ಡ ಗುಡುಗಿನ ಮೋಡದ ತಲಿ ಅದಕ್ಕಿಂತ ಎಷ್ಟೋ ಮ್ಯಾಲ ಇರ್ತದ, ಅಲ್ಲಿ ಹಿಮದ ಹಳಕು ಇರ್ತಾವ. ಇಳಿಯೋ ದಾರ್ಯಾಗ ಕರಗಿ ಹನಿ ಆಗ್ತಾವ. ಬ್ಯಾಸಿಗ್ಯಾಗ ಬೀಳೋ ಆಣೆಕಲ್ಲು ಮಾತ್ರ ಕರಗೋದ್ರೊಳಗ ನೆಲಾ ಮುಟ್ತದ, ಯಾಕಂದ್ರ ಅದು ದಪ್ಪ, ಬೀಳೋ ವೇಗಾನೂ ಜಾಸ್ತಿ. ಮುಂದಿನ ಸಲ ಬಿದ್ರ ಒಂದನ್ನ ಚಾಕುಲೆ ಸೀಳಿ ತೋರಸ್ರಿ. ಉಳ್ಳಾಗಡ್ಡಿ ಹಂಗ ಸುತ್ತು ಇರ್ತಾವ. ಬಿಳಿ ಸುತ್ತು ಲಗೂನ ಗಟ್ಟಿಯಾಗಿ ಗಾಳಿ ಗುಳ್ಳಿ ಹಿಡ್ಕೊಂಡಿದ್ದು, ತಿಳಿ ಸುತ್ತು ನಿಧಾನಕ್ಕ ಗಟ್ಟಿಯಾದದ್ದು.

ಇವತ್ತೇ ಬೇಕಂದ್ರ ಲೋಟದ ಮ್ಯಾಲ ಬೆಳಸ್ರಿ. ತೆಳು ಸ್ಟೀಲ್ ಲೋಟ, ಹೊರಗ ಪೂರಾ ಒಣಗಿರಬೇಕು. ಐಸ್ ಅರಿವ್ಯಾಗ ಕಟ್ಟಿ ಕುಟ್ಟಿ 3 ಪಾಲು, ಕಲ್ಲುಪ್ಪು 1 ಪಾಲು. ಎರಡನ್ನೂ ಪಾತ್ರ್ಯಾಗ ಕಲಸಿ ಆಮ್ಯಾಲ ಲೋಟಕ್ಕ ತುಂಬ್ರಿ. ಉಪ್ಪು ಐಸ್ ಕರಗಸ್ತದ, ಕರಗಲಿಕ್ಕೆ ಬೇಕಾದ ಬಿಸಿ ಆ ನೀರಿಂದಲೇ ಎಳ್ಕೋತದ, ಹಂಗಾಗಿ ಲೋಟ 0 ಡಿಗ್ರಿಗಿಂತ ಬಹಳ ಕೆಳಗ ಇಳೀತದ. 5-10 ನಿಮಿಷಕ್ಕ ಹೊರಗ ಬೆಳ್ಳಗ ಹಿಟ್ಟು ಉದುರಿಸಿದಂಗ ಕೂಡ್ತದ, ಉಗುರಿಲೆ ಕೆರೆದ್ರ ಬರ್ತದ. ಬಿಳಿ ಬರದೆ ಗಾಜಿನಂಗ ತಿಳಿ ಐಸ್ ಕಟ್ಟಿದ್ರ, ಲೋಟ ಪೂರಾ ತಣ್ಣಗಾಗೋಕಿಂತ ಮೊದಲೇ ಹೊರಗ ನೀರಿನ ಹನಿ ಕೂತಿತ್ತು ಅಂತ ಅರ್ಥ. ಒರಸಿ ಮತ್ತ ಹೊಸದಾಗಿ ತುಂಬ್ರಿ. ನಾಲಿಗಿ, ಹಸಿ ಬೆರಳು ತಾಗಿಸಬಾರದು, ಅಂಟ್ಕೊಂಡು ಚರ್ಮ ಸುಡ್ತದ.

ಉತ್ತರ 4 (ಶಹಾಬಾದ)

ಮಧ್ಯಾಹ್ನಕ್ಕ ಚೌಕಾಬಾರ. ನೆಲಕ್ಕ ಫರಸಿ ಇದ್ರ ಸುಣ್ಣದ ಕಡ್ಡೀಲೆ 5×5 ಮನಿ ಬರೀರಿ, ನಾಕೂ ಬದಿಯ ನಡುವಿನ ಮನಿಗೆ, ನಟ್ಟನಡುವಿನ ಮನಿಗೆ ಕಾಟು ಹಾಕ್ರಿ. ಕವಡಿ ಇಲ್ಲಂದ್ರ ಹುಣಸಿ ಬೀಜ 4, ಒಂದು ಮಗ್ಗಲು ಒರಟು ಕಲ್ಲಿಗೆ ತಿಕ್ಕಿ ಬೆಳ್ಳಗ ಮಾಡ್ರಿ. ಪೂರಾ ಚಪ್ಪಟಿ ಆಗಬೇಕು, ಅರ್ಧಂಬರ್ಧ ತಿಕ್ಕಿದ್ರ ಒಂದೇ ಮಗ್ಗಲಿಗೆ ಬೀಳ್ತದ. ನಾಕೂ ಬಿಳಿ ಬಿದ್ರ ಚೌಕಾ 4, ನಾಕೂ ಕಪ್ಪು ಬಿದ್ರ 8, ಎರಡಕ್ಕೂ ಮತ್ತೊಂದು ಆಟ. ಹೊರಗಿನ ಸುತ್ತು 16 ಮನಿ, ಒಳಗಿಂದು 8, ನಡುವಿಂದು 1. ಎದುರಿನವರ ಕಾಯಿ ಒಂದರೆ ಕಡಿದ್ರ ಮಾತ್ರ ಒಳಸುತ್ತಿಗೆ ದಾರಿ. ಆರು ವರ್ಷದಾಂವಗ ಈ ಕಡೀ ನಿಯಮ ಮೊದಲ ಎರಡು ಆಟ ಬಿಟ್ಟು ಬಿಡ್ರಿ, ಇಲ್ಲಂದ್ರ ಎದ್ದು ಹೋಗ್ತಾನ.

ಪ್ರಶ್ನೆ ಕೇಳಿದವರು

ಲೋಟದ ಮ್ಯಾಲ ಬೆಳ್ಳಗ ಬಂತು! ಈಗ ಮಗಳ ಲೆಕ್ಕ ನೋಡ್ರಿ. ಡಬ್ಬಿ ಬಾಯಿ 14 ಸೆಂ.ಮೀ., ಮುಂಜಾನಿ 9ರಿಂದ ಸಂಜಿ 5ರ ತನಕ 480 ಮಿ.ಲೀ. 31.2 ಅಂತ ತೆಗೆದಾಳ. ಸರಿ ಅದನ?

ಉತ್ತರ 2 (ಯಾದಗಿರಿ)

ಸರಿಯಾಗಿದೆ. ವಿಸ್ತೀರ್ಣ 153.9, ಮಳೆ 31.2 ಮಿ.ಮೀ., ಇಲ್ಲಿಯವರೆಗೆ ಸಾಧಾರಣ ಮಳೆ. ಆ ನೀರು ಚೆಲ್ಲಿದ್ದರೆ 480 ಎಂದು ಬರೆದಿಟ್ಟು ಖಾಲಿ ಡಬ್ಬಿ ಮತ್ತೆ ಅಲ್ಲೇ ಇಡಿ. ನಾಳೆ 8:30ಕ್ಕೆ ಬಂದದ್ದನ್ನು ಇದಕ್ಕೆ ಕೂಡಿಸಬೇಕು.