ಪದಚರ್ಚೆ: ಕಾರ್ಡ್‌ಸ್ಟಾಕ್‌ಗೆ ಕನ್ನಡದಲ್ಲಿ ಏನು? ಇವತ್ತೇ ಬೇಕು

ಕೊಪ್ಪಳದಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ಕಚೇರಿಯ ಪ್ರಿಂಟರ್ ಪಕ್ಕ ಒಂದು ಸೂಚನೆ ಅಂಟಿಸಬೇಕು. ಪ್ರಮಾಣಪತ್ರ ಪ್ರಿಂಟ್ ಹಾಕಲು ಬಂದವರೆಲ್ಲ ದಪ್ಪ ಹಾಳೆಯನ್ನು ಕೆಳಗಿನ ಟ್ರೇಗೇ ತುರುಕುತ್ತಾರೆ. ಅದು ಒಳಗೆ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಎಳೆದರೆ ಅರ್ಧ ಹರಿದು ಬರುತ್ತದೆ. ಇಂಗ್ಲಿಷ್ ಕೈಪಿಡಿಯಲ್ಲಿ 'ಕಾರ್ಡ್‌ಸ್ಟಾಕ್', 'ಹೆವಿ ಪೇಪರ್' ಅಂತ ಎರಡು ಮಾತಿವೆ. ಮೊದಲನೆಯದಕ್ಕೆ ಏನನ್ನೋಣ? ಎರಡನೆಯದಕ್ಕೆ 'ಭಾರವಾದ ಕಾಗದ' ಅಂತ ಬರೆದಿದ್ದೆ. ನಮ್ಮ ಅಟೆಂಡರ್ ಓದಿ, "ಯಾವ ಭಾರ ಸರ್, ಫೈಲಿನ ಗಂಟಾ?" ಅಂದರು. ಸಂಜೆಯೊಳಗೆ ತಿಳಿಸಿ.

ಸಾಗರದಿಂದ:
'ಕಾಗದ' ಪಾರಸಿ. ಮೊದಲು ಅದನ್ನು ಬಿಡಿ. ನಮ್ಮದು 'ಹಾಳೆ'. ಅಡಿಕೆ ಹಾಳೆಯ ಹಾಳೆಯೇ ಇದು, ಹಳಗನ್ನಡದ 'ಪಾಳೆ'. ಅಡಿಕೆ ಹಾಳೆ ದಪ್ಪಗಿರುತ್ತದೆ, ಗಟ್ಟಿಯಿರುತ್ತದೆ. ಆದ್ದರಿಂದ ಕಾರ್ಡ್‌ಸ್ಟಾಕ್‌ಗೆ ಬರೀ 'ಹಾಳೆ' ಸಾಕು. ತೆಳುವಾದದ್ದಕ್ಕೆ ಬೇರೆ ಪದ ಹುಡುಕೋಣ.

ರಾಯಚೂರಿನಿಂದ:
ಸರ್, ನಮ್ಮ ಕಡೆ ಬೆಳೆಯುವುದು ಹತ್ತಿ, ಭತ್ತ, ತೊಗರಿ. ಅಡಿಕೆ ನಾವು ನೋಡುವುದು ಪಾನ್ ಅಂಗಡಿಯಲ್ಲಿ. ಇಲ್ಲಿ ನೋಟ್‌ಬುಕ್ಕಿನಿಂದ ಹರಿದದ್ದೂ ಹಾಳೆಯೇ. ನಿಮ್ಮ ಬೋರ್ಡು ಓದಿದವರು ಯಾವುದನ್ನು ಎಲ್ಲಿ ಹಾಕಬೇಕು?

ನಾನು ಝೆರಾಕ್ಸ್ ಅಂಗಡಿ ಇಟ್ಟವನು. ಗಿರಾಕಿ ಕೇಳುವುದು 'ಕಾರ್ಡ್ ಶೀಟ್', ಇಲ್ಲಾ 'ದಪ್ಪ ಶೀಟ್'. ಯಾರಾದರೂ 'ರಟ್ಟು' ಅನ್ನುವ ಮೊದಲೇ ಹೇಳಿಬಿಡುತ್ತೇನೆ, ಬೇಡ. ರಟ್ಟು ಅಂದರೆ ಪುಸ್ತಕದ ಬೈಂಡು, ಸಾಮಾನು ಬರುವ ಡಬ್ಬ. ಯಾರೋ ನಿಜಕ್ಕೂ ರಟ್ಟು ತುರುಕಿದರೆ ರೋಲರ್ ಗತಿ ಏನು?

'ಭಾರ' ತೆಗೆದು 'ದಪ್ಪ' ಹಾಕಿ. ಮಾಮೂಲಿ ಹಾಳೆ 70ರಿಂದ 80 ಜಿಎಸ್‌ಎಂ, ಕಾರ್ಡ್ ಶೀಟ್ ಸಾಮಾನ್ಯವಾಗಿ 200ರಿಂದ 300. ನಿಮ್ಮ ಮಷಿನ್ನಿಗೆ ಎಷ್ಟರವರೆಗೆ ನಡೆಯುತ್ತದೆ ಅಂತ ಕೈಪಿಡಿಯಲ್ಲಿ ಇರುತ್ತದೆ. ಪದಕ್ಕಿಂತ ಆ ಅಂಕಿ ಮುಖ್ಯ, ದೊಡ್ಡದಾಗಿ ಬರೆಯಿರಿ. ಲೇಸರ್ ಪ್ರಿಂಟರ್ ಆದರೆ ಸೆಟ್ಟಿಂಗ್ ಬದಲಿಸಲೂ ಹೇಳಿ. ಇಲ್ಲದಿದ್ದರೆ ಟೋನರ್ ಪುಡಿ ಸರಿಯಾಗಿ ಕರಗಿ ಹಿಡಿಯುವುದಿಲ್ಲ, ಉಗುರಿನಿಂದ ಕೆರೆದರೆ ಅಕ್ಷರ ಉದುರುತ್ತದೆ. ಸೆಟ್ಟಿಂಗ್ ಬದಲಿಸಿದರೆ ಹಾಳೆ ನಿಧಾನಕ್ಕೆ ಹೋಗುತ್ತದೆ, ಬಿಸಿ ಚೆನ್ನಾಗಿ ತಾಗುತ್ತದೆ.

ಸಾಗರದಿಂದ:
ಅಂಗಡಿ ಮಾತನ್ನೇ ಒಪ್ಪುವುದಾದರೆ ಈ ಬಳಗ ಯಾಕೆ ಬೇಕು? ಅಲ್ಲದೆ ಜಿಎಸ್‌ಎಂ ಹೇಳುವುದು ತೂಕ, ದಪ್ಪವಲ್ಲ. ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅನ್ನುವ ಲೆಕ್ಕ. ಎ4 ಅಂದರೆ ಚದರ ಮೀಟರಿನ 16ರಲ್ಲಿ ಒಂದು ಪಾಲು. 80 ಜಿಎಸ್‌ಎಂ ಆದರೆ 5 ಗ್ರಾಂ, 240 ಆದರೆ 15 ಗ್ರಾಂ. ಕೇಳಿದವರ 'ಭಾರ'ವೇ ಸರಿ.

ರಾಯಚೂರಿನಿಂದ:
ತೂಕ ಹೌದು ಸರ್. ನುಣುಪು ಲೇಪದ 250ರ ಆರ್ಟ್ ಕಾರ್ಡು, ಲೇಪವಿಲ್ಲದ 250ರ ಕಾರ್ಡಿಗಿಂತ ತೆಳ್ಳಗಿರುತ್ತದೆ. ಅದು ದಿನಾ ನೋಡುವುದೇ. ಆದರೆ ಪ್ರಿಂಟರ್ ಮುಂದೆ ನಿಂತವರ ಕೈಯಲ್ಲಿ ತಕ್ಕಡಿ ಇರುವುದಿಲ್ಲ. ಎರಡು ಬೆರಳಲ್ಲಿ ಹಿಡಿದು ನೋಡುತ್ತಾರೆ, ಅಷ್ಟೇ.

ಬಳ್ಳಾರಿಯಿಂದ:
ಸುಮ್ನೆ ಓದುತ್ತಿದ್ದೆ. 'ಪಾರಸಿ ಬಿಡಿ' ಅಂದದ್ದಕ್ಕೆ ಬರೆಯುತ್ತಿದ್ದೇನೆ. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಕೈಯಲ್ಲಿದ್ದವು. ನಮ್ಮ ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ಅಲ್ಲಿ ಉರ್ದು, ಇಲ್ಲಿ ತೆಲುಗು, ಯಾವುದೂ ಹೊರಗಿನದು ಅನ್ನಿಸುವುದಿಲ್ಲ. ನಿಮ್ಮ ತೋಟದ ಪತ್ರ ತೆಗೆದು ನೋಡಿ. ಜಮೀನು, ತಾರೀಖು, ದಾಖಲೆ, ತಹಸೀಲ್ದಾರ. ಇವನ್ನೆಲ್ಲ ಬಿಟ್ಟು ಒಂದು ಅರ್ಜಿ ಬರೆದು ತೋರಿಸಿ. 'ಅರ್ಜಿ'ಯನ್ನೂ ಬಿಡಬೇಕಾಗುತ್ತದೆ ಅಲ್ವಾ?

ಸಾಗರದಿಂದ:
ಬಿನ್ನಹ. ಮುಂದೆ ಹೇಳಿ.

ಬಳ್ಳಾರಿಯಿಂದ:
ಬಿನ್ನಹ ಸಂಸ್ಕೃತದ 'ವಿಜ್ಞಾಪನ'ದಿಂದ ಬಂದದ್ದು. ಆ ಸಾಲಕ್ಕೆ ಬಡ್ಡಿ ಇಲ್ಲವೇನೋ.

ಗಂಗಾವತಿಯಿಂದ:
ಜಗಳ ನಡೆಯಲಿ. ಕೊಪ್ಪಳದವರೇ, ನಿಮ್ಮ ಪ್ರಮಾಣಪತ್ರ ನಡುವೆ ಮಡಚುವಂಥದ್ದಾದರೆ 'ಗ್ರೇನ್' ಅನ್ನುವ ಮಾತೂ ಎದುರಾಗುತ್ತದೆ. ಅಂದರೆ ಹಾಳೆಯೊಳಗಿನ ನಾರು ಸಾಲಾಗಿ ಮಲಗಿರುವ ದಿಕ್ಕು. ನಾನು ಪ್ರೆಸ್ಸಿನ ಹುಡುಗರಿಗೆ 'ನಾರಿನ ಓಟ' ಅಂತ ಹೇಳುತ್ತೇನೆ. ಹಾಳೆಯನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಮೆಲ್ಲಗೆ ಬಾಗಿಸಿ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಮಡಿಕೆ ಆ ಕಡೆಗೇ ಬರಬೇಕು. ಅಡ್ಡ ಮಡಚಿದರೆ ಮಡಿಕೆಯ ಗೆರೆಯ ಮೇಲೆ ಪ್ರಿಂಟ್ ಬಿರಿದು ಬಿಳಿ ಕಾಣುತ್ತದೆ.

ಕೊಪ್ಪಳದಿಂದ:
ಮಡಚುವಂಥದ್ದಲ್ಲ ಅಣ್ಣಾ, ಆದರೂ 'ನಾರಿನ ಓಟ' ಚೆನ್ನಾಗಿದೆ. ಹೀಗೆ ಬರೆದು ಅಂಟಿಸಿದೆ: "ದಪ್ಪ ಕಾರ್ಡ್ ಶೀಟ್ ಕೆಳಗಿನ ಟ್ರೇಗೆ ಹಾಕಬೇಡಿ. ಹಿಂದಿನ ಸೀಳಿನಲ್ಲಿ ಒಂದೊಂದಾಗಿ ಹಾಕಿ. 220 ಜಿಎಸ್‌ಎಂ ಮೀರಬಾರದು. ಕಂಪ್ಯೂಟರಿನಲ್ಲಿ 'ಹೆವಿ ಪೇಪರ್' ಆರಿಸಿ." ಆ ಕೊನೆಯ ಮಾತು ಪರದೆಯ ಮೇಲೆ ಇಂಗ್ಲಿಷಿನಲ್ಲೇ ಬರುತ್ತದೆ. ಕನ್ನಡ ಮಾಡಿದರೆ ಹುಡುಕುತ್ತಾ ಕೂರುತ್ತಾರೆ ಅಂತ ಹಾಗೇ ಬಿಟ್ಟೆ. ಎಲ್ಲರಿಗೂ ಧನ್ಯವಾದ.

ಸಾಗರದಿಂದ:
'ಸೀಳು' ಅಂದರೆ ಹರಿದದ್ದು. 'ಕಂಡಿ' ಅನ್ನಬೇಕಿತ್ತು.