ಸಹಾಯ ಬೇಕು: ಮಿನಿ-ಸಿಇಎಕ್ಸ್‌ನಲ್ಲಿ ಎಲ್ಲರಿಗೂ 7, 8 ಬೀಳುತ್ತಿದೆ

ಮೆಡಿಸಿನ್ ವಾರ್ಡಿನಲ್ಲಿ ಪಿಜಿಗಳಿಗೆ (ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳಿಗೆ) ಮಿನಿ-ಸಿಇಎಕ್ಸ್, ಅಂದರೆ ರೋಗಿಯನ್ನು ನೋಡುವಾಗಲೇ ಶಿಕ್ಷಕರು ಗಮನಿಸಿ ಅಂಕ ಕೊಡುವ ಕಿರು ಮೌಲ್ಯಮಾಪನ, ನಡೆಸುವವರು ಇಲ್ಲಿದ್ದರೆ ದಯವಿಟ್ಟು ಹೇಳಿ. 15–20 ನಿಮಿಷ ಪಕ್ಕದಲ್ಲೇ ನಿಂತು ನೋಡುವುದು, ಆಮೇಲೆ 5–10 ನಿಮಿಷ ಫೀಡ್‌ಬ್ಯಾಕ್, ಇಷ್ಟು ಸರಿಯಾಗಿ ನಡೆಯುತ್ತಿದೆ. ತೊಡಕಿರುವುದು ಅಂಕದಲ್ಲಿ. 9ರ ಮಾಪಕದಲ್ಲಿ 4–6 ಅಂದರೆ ತೃಪ್ತಿಕರ. ಆದರೂ 5 ಕೊಟ್ಟರೆ ಫೇಲ್ ಮಾಡಿದಂತೆ ಎಂದುಕೊಂಡು ಎಲ್ಲರೂ 7, 8 ಹಾಕುತ್ತಾರೆ. ಮಾತು ಚೆನ್ನಾಗಿದ್ದರೆ ದೈಹಿಕ ಪರೀಕ್ಷೆಗೂ 8, ಸ್ಟೆತ್ ಅಂಗಿಯ ಮೇಲೇ ಇಟ್ಟು ಕೇಳಿದ್ದರೂ! ವಾರದ ಕೊನೆಗೆ ನೆನಪಿನಿಂದ ತುಂಬಿದ ಫಾರ್ಮುಗಳಲ್ಲಂತೂ ಮಾತು, ದೈಹಿಕ ಪರೀಕ್ಷೆ ಮುಂತಾದ ಏಳೂ ಅಂಶಕ್ಕೆ ಒಂದೇ ಅಂಕ.

ಅಂಕಕ್ಕೆ ಮೊದಲು ಕಣ್ಣಿಗೆ ಕಂಡದ್ದನ್ನು ಎರಡು ಸಾಲು ಬರೆಯುವುದು ಕಡ್ಡಾಯ ಮಾಡಿದ್ದೇವೆ (ಉದಾ: 'ಎದೆನೋವು ಎಡಗೈಗೆ ಹರಡುತ್ತದೆಯೇ ಎಂದು ಕೇಳಲಿಲ್ಲ'). 'ಗುಡ್, ರೀಡ್ ಮೋರ್' ಎಂಬ ಷರಾ ಕಡಿಮೆಯಾಗಿದೆ, ಅಂಕ ಮಾತ್ರ ಇಳಿದಿಲ್ಲ.

ದೈಹಿಕ ಪರೀಕ್ಷೆಯಲ್ಲಿ 3, 5, 8 ಅಂದರೆ ಏನೇನು ಕಾಣಬೇಕು ಎಂದು ಬರೆದಿಟ್ಟ ಮಾದರಿ ಇದ್ದರೆ ಹಂಚಿ. ಒಂದೇ ವಿಡಿಯೊ ನೋಡಿ ಶಿಕ್ಷಕರೆಲ್ಲ ಅಂಕ ಹಾಕಿ ಹೋಲಿಸುವ ಅಭ್ಯಾಸ ಮಾಡಿಸಿದವರು, ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಅಂಕ ಹೇಳಿದ ಮೇಲೆ ಕಿರಿಯರು ತಮ್ಮದನ್ನು ತಿದ್ದಿಕೊಳ್ಳದಂತೆ ಹೇಗೆ ನೋಡಿಕೊಂಡಿರಿ? ಪರೀಕ್ಷಕರನ್ನು ಬದಲಾಯಿಸಿ ಎಂಬ ಸಲಹೆ ಬೇಡ, ಅದು ಆಗಲೇ ಜಾರಿಯಲ್ಲಿದೆ.