ಮನವೊಲಿಸುವ ಮಾತು ಎಲ್ಲಿ ಮುಗಿಯುತ್ತದೆ, ಹಿಡಿತದ ಮಾತು ಎಲ್ಲಿ ಶುರುವಾಗುತ್ತದೆ?

ಪ್ರಶ್ನೆ

ನಾನು ಕೆಲಸ ಮಾಡುವ ಸಂಸ್ಥೆ ಈಚೆಗೆ ಒಂದು ಸುತ್ತೋಲೆ ಹೊರಡಿಸಿತು. ಅದರ ಮುಖ್ಯ ವಾಕ್ಯ ಹೀಗಿದೆ: "ಕಾರ್ಯದಕ್ಷತೆಯ ಹಿತದೃಷ್ಟಿಯಿಂದ ಸಿಬ್ಬಂದಿಯ ಮರುಹೊಂದಾಣಿಕೆ ಮಾಡಲು ತೀರ್ಮಾನಿಸಲಾಗಿದ್ದು, ಸಂಬಂಧಪಟ್ಟವರು ಸಹಕರಿಸತಕ್ಕದ್ದು." ಕೆಲವರನ್ನು ಕೆಲಸದಿಂದ ತೆಗೆಯುತ್ತಾರೆ ಎಂಬುದೇ ಇದರ ತಿರುಳೆಂದು ನಮ್ಮಲ್ಲಿ ಹಲವರಿಗೆ ಮತ್ತೆ ಮತ್ತೆ ಓದಿದ ಮೇಲಷ್ಟೇ ಹೊಳೆಯಿತು. ಸುಳ್ಳು ಎನ್ನಬಹುದಾದ ಒಂದು ಪದವೂ ಇದರಲ್ಲಿಲ್ಲ. ಆದರೂ ಯಾರನ್ನು, ಏನೆಂದು ಪ್ರಶ್ನಿಸಬೇಕು ಎಂಬುದೇ ಓದಿದವರಿಗೆ ತೋಚದಂತಾಯಿತು.

ಮಾತಿನಿಂದ ಇನ್ನೊಬ್ಬರ ಮನಸ್ಸನ್ನು ತಿರುಗಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ವೈದ್ಯರು ರೋಗಿಯನ್ನು, ವಕೀಲರು ನ್ಯಾಯಾಧೀಶರನ್ನು, ಮಕ್ಕಳು ಹೆತ್ತವರನ್ನು ಮಾತಿನಿಂದಲೇ ಒಪ್ಪಿಸುತ್ತಾರೆ. ಹಾಗಿದ್ದರೆ ಮನವೊಲಿಸುವ ಮಾತು ಯಾವ ಹಂತದಲ್ಲಿ ಹಿಡಿತದ ಸಾಧನವಾಗುತ್ತದೆ? ಆ ಗೆರೆಯನ್ನು ವಾಕ್ಯದೊಳಗೇ ಗುರುತಿಸಬಹುದೇ, ಅಥವಾ ಎಲ್ಲವೂ ಆಡುವವರ ಕೈಯಲ್ಲಿರುವ ಅಧಿಕಾರವನ್ನೇ ಅವಲಂಬಿಸಿದೆಯೇ?

ಪ್ರತಿಕ್ರಿಯೆ 1

ವಾಕ್ಯದೊಳಗೇ ಸಾಕಷ್ಟು ಗುರುತಿಸಬಹುದು ಎಂಬುದು ನನ್ನ ಅಭಿಪ್ರಾಯ. ನೀವು ಕೊಟ್ಟಿರುವ ವಾಕ್ಯವನ್ನೇ ನೋಡಿ. "ತೀರ್ಮಾನಿಸಲಾಗಿದ್ದು" ಎಂಬ ಕರ್ಮಣಿ ರೂಪದಲ್ಲಿ ತೀರ್ಮಾನ ಉಳಿದಿದೆ, ತೀರ್ಮಾನಿಸಿದವರು ಕಾಣೆಯಾಗಿದ್ದಾರೆ. "ಹಿತದೃಷ್ಟಿ" ಎಂಬಲ್ಲಿ ಯಾರ ಹಿತ ಎಂಬುದಿಲ್ಲ. ಆದರೆ ಹೊಣೆಯನ್ನು ಹೊರಿಸುವ ಜಾಗಕ್ಕೆ ಬಂದ ಕೂಡಲೇ ವಾಕ್ಯಕ್ಕೆ ಕರ್ತೃ ಸಿಕ್ಕಿಬಿಡುತ್ತಾರೆ: "ಸಂಬಂಧಪಟ್ಟವರು". ನಿರ್ಧಾರ ಯಾರದೂ ಅಲ್ಲ, ಪಾಲಿಸುವ ಕರ್ತವ್ಯ ಮಾತ್ರ ನಿಮ್ಮದು. ಸ್ವಇಚ್ಛೆಯನ್ನು ಸೂಚಿಸುವ "ಸಹಕರಿಸು" ಎಂಬ ಕ್ರಿಯಾಪದಕ್ಕೆ ಅಪ್ಪಣೆಯ "ತಕ್ಕದ್ದು" ಅಂಟಿಕೊಂಡಿರುವುದನ್ನೂ ಗಮನಿಸಿ. ಒಪ್ಪಿಗೆಯನ್ನು ಕೇಳದೆಯೇ ಪಡೆದುಕೊಂಡಂತಾಯಿತು.

ಕರ್ಮಣಿ ಪ್ರಯೋಗ ತನ್ನಷ್ಟಕ್ಕೆ ದೋಷವೇನೂ ಅಲ್ಲ. ಒಂದು ದ್ರಾವಣವನ್ನು ಕುದಿಸಲಾಯಿತು ಎಂದು ಪ್ರಯೋಗದ ವರದಿಯಲ್ಲಿ ಬರೆದರೆ, ಕುದಿಸಿದವರು ಯಾರೆಂಬುದು ಅಲ್ಲಿ ಮುಖ್ಯವಾಗುವುದಿಲ್ಲ. ಒಬ್ಬರ ಜೀವನೋಪಾಯವನ್ನು ಕಸಿಯುವ ನಿರ್ಧಾರದಲ್ಲಿ ಅದೇ ಮುಖ್ಯ. "ಆಡಳಿತ ಮಂಡಳಿಯವರಾದ ನಾವು ಇಷ್ಟು ಮಂದಿಯನ್ನು, ಈ ಕಾರಣಕ್ಕಾಗಿ, ಕೆಲಸದಿಂದ ತೆಗೆಯುತ್ತೇವೆ" ಎಂದು ಬರೆದಿದ್ದರೆ ಸುದ್ದಿ ಅಷ್ಟೇ ಕಹಿಯಾಗಿರುತ್ತಿತ್ತು, ಆದರೆ ಕಾರಣವನ್ನು ಅಲ್ಲಗಳೆಯಲು, ಸಂಖ್ಯೆಯನ್ನು ಪ್ರಶ್ನಿಸಲು, ಮಂಡಳಿಯನ್ನು ಭೇಟಿಯಾಗಲು ದಾರಿ ತೆರೆದಿರುತ್ತಿತ್ತು. ಎದುರುತ್ತರಕ್ಕೆ ಎಡೆ ಬಿಡುವುದು ಮನವೊಲಿಸುವ ಮಾತು. ಆ ಎಡೆಯನ್ನೇ ಮುಚ್ಚುವುದು ಹಿಡಿತದ ಮಾತು.

ಪ್ರತಿಕ್ರಿಯೆ 2

ಮೇಲಿನ ವಿಶ್ಲೇಷಣೆಯನ್ನು ಒಪ್ಪುತ್ತೇನೆ, ಆದರೆ ಆ ಒರೆಗಲ್ಲು ಸಾಲದು. ಏನನ್ನೂ ಮರೆಮಾಚದ, ಕರ್ತೃವನ್ನು ಅಳಿಸದ, ಎಲ್ಲ ಅಂಕಿಗಳನ್ನೂ ಮುಂದಿಟ್ಟ ಮಾತು ಕೂಡ ಕೇಳುವವರ ಆಯ್ಕೆಯನ್ನು ಅವರಿಗೇ ತಿಳಿಯದಂತೆ ತಿರುಗಿಸಬಲ್ಲದು.

ಮನಶ್ಶಾಸ್ತ್ರಜ್ಞರಾದ ಆಮೊಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನಮನ್ 1981ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಅತ್ಯುತ್ತಮ ನಿದರ್ಶನ. 600 ಜನರನ್ನು ಬಲಿ ತೆಗೆದುಕೊಳ್ಳಬಹುದಾದ ಒಂದು ಕಾಲ್ಪನಿಕ ರೋಗದ ವಿರುದ್ಧ ಎರಡು ಯೋಜನೆಗಳಲ್ಲಿ ಒಂದನ್ನು ಆರಿಸುವಂತೆ ಜನರನ್ನು ಕೇಳಲಾಯಿತು. ಒಂದು ಗುಂಪಿಗೆ, ಮೊದಲ ಯೋಜನೆಯಿಂದ 200 ಜನ ಖಂಡಿತ ಉಳಿಯುತ್ತಾರೆ, ಎರಡನೆಯದರಿಂದ 600 ಜನರೂ ಉಳಿಯುವ ಸಂಭವ ಮೂರರಲ್ಲಿ ಒಂದು ಪಾಲು, ಯಾರೂ ಉಳಿಯದಿರುವ ಸಂಭವ ಮೂರರಲ್ಲಿ ಎರಡು ಪಾಲು ಎಂದು ಹೇಳಿದರು. ಶೇಕಡಾ 72 ಮಂದಿ ಖಚಿತವಾದ ಮೊದಲ ಯೋಜನೆಯನ್ನು ಆರಿಸಿದರು. ಇನ್ನೊಂದು ಗುಂಪಿಗೆ ಅದೇ ಯೋಜನೆಗಳನ್ನು ಸಾವಿನ ಲೆಕ್ಕದಲ್ಲಿ ಹೇಳಿದರು: ಮೊದಲನೆಯದರಲ್ಲಿ 400 ಜನ ಸಾಯುತ್ತಾರೆ. ಈಗ ಅದನ್ನು ಆರಿಸಿದವರು ಶೇಕಡಾ 22 ಮಾತ್ರ. 600ರಲ್ಲಿ 200 ಜನ ಉಳಿಯುವುದೂ 400 ಜನ ಸಾಯುವುದೂ ಒಂದೇ ಎಂಬುದು ಲೆಕ್ಕಕ್ಕೆ ಗೊತ್ತು, ಮನಸ್ಸಿಗೆ ಗೊತ್ತಾಗಲಿಲ್ಲ.

ಎಲ್ಲ ಮಾತಿಗೂ ಒಂದು ಓರೆ ಇದ್ದೇ ಇರುತ್ತದೆ, ಯಾವುದನ್ನೂ ಓರೆಯಿಲ್ಲದೆ ಹೇಳಲಾಗುವುದಿಲ್ಲ. ಆದ್ದರಿಂದ ನಾನು ನೋಡುವುದು ಬೇರೆಯದನ್ನು: ತನ್ನ ಮಾತನ್ನು ಇನ್ನೊಂದು ಬಗೆಯಲ್ಲಿ ಹೇಳಿ ತೋರಿಸಲು ಆ ವ್ಯಕ್ತಿ ಸಿದ್ಧರಿದ್ದಾರೆಯೇ? ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೇಳುವ ವೈದ್ಯರು ನೂರರಲ್ಲಿ ಎಷ್ಟು ಮಂದಿ ಬದುಕುತ್ತಾರೆ, ಎಷ್ಟು ಮಂದಿ ಸಾಯುತ್ತಾರೆ ಎಂಬ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ, ಅವರು ತಮ್ಮ ಪ್ರಭಾವದ ಒಂದಂಶವನ್ನು ತಾವಾಗಿಯೇ ಬಿಟ್ಟುಕೊಟ್ಟಂತೆ. ಅದನ್ನು ನಾನು ತುಂಬ ಗೌರವಿಸುತ್ತೇನೆ.

ಪ್ರತಿಕ್ರಿಯೆ 3

ನೀವಿಬ್ಬರೂ ಮಾತುಕತೆಯ ಒಳಗಿರುವವರ ಬಗ್ಗೆ ಬರೆದಿದ್ದೀರಿ. ಬಾಗಿಲಲ್ಲೇ ತಡೆಯಲ್ಪಟ್ಟವರ ಬಗ್ಗೆ ಯಾರಾದರೂ ಹೇಳಬೇಕು, ಏಕೆಂದರೆ ಭಾಷೆಯ ಅತ್ಯಂತ ಕ್ರೂರ ಬಳಕೆ ಅಲ್ಲಿ ನಡೆಯುತ್ತದೆ.

ಆಸ್ಟ್ರೇಲಿಯಾ 1901ರಲ್ಲಿ ವಲಸೆ ನಿರ್ಬಂಧ ಕಾಯಿದೆಯನ್ನು ತಂದಾಗ ಅದರ ಉದ್ದೇಶ ಬಿಳಿಯರಲ್ಲದವರನ್ನು ಹೊರಗಿಡುವುದಾಗಿತ್ತು. ಆದರೆ ಕಾಯಿದೆಯ ಪಠ್ಯದಲ್ಲಿ ಬಣ್ಣದ ಮಾತೇ ಇರಲಿಲ್ಲ. ಅಧಿಕಾರಿಯು ಯಾವುದಾದರೊಂದು ಯುರೋಪಿಯನ್ ಭಾಷೆಯಲ್ಲಿ 50 ಪದಗಳ ಉಕ್ತಲೇಖನ ಹೇಳುತ್ತಾರೆ, ಬರೆಯಲಾಗದವರಿಗೆ ಪ್ರವೇಶವಿಲ್ಲ, ಅಷ್ಟೆ. ಭಾಷೆಯ ಆಯ್ಕೆ ಅಧಿಕಾರಿಯದು, ಬರುವವರದಲ್ಲ. ಇಂಗ್ಲಿಷ್ ಬಲ್ಲವರನ್ನು ಅವರಿಗೆ ಬಾರದ ಇನ್ನೊಂದು ಭಾಷೆಯಲ್ಲಿ ಪರೀಕ್ಷಿಸಬಹುದಿತ್ತು. 1909ರ ನಂತರ ಈ ಪರೀಕ್ಷೆಯಲ್ಲಿ ಒಬ್ಬರೂ ತೇರ್ಗಡೆಯಾಗಲಿಲ್ಲ, ಆದರೂ ಅದು 1958ರವರೆಗೆ ಜಾರಿಯಲ್ಲಿತ್ತು.

1934ರಲ್ಲಿ ನಾಜಿ ಆಡಳಿತದ ವಿರೋಧಿಯಾಗಿದ್ದ ಪತ್ರಕರ್ತ ಎಗೊನ್ ಎರ್ವಿನ್ ಕಿಶ್ ಅಲ್ಲಿಗೆ ಬಂದಾಗ ಈ ಉಪಾಯ ಬಯಲಿಗೆ ಬಂತು. ಅವರಿಗೆ ಹಲವು ಯುರೋಪಿಯನ್ ಭಾಷೆಗಳು ಗೊತ್ತಿದ್ದುದರಿಂದ ಅಧಿಕಾರಿಗಳು ಸ್ಕಾಟ್‌ಲೆಂಡಿನ ಗೇಲಿಕ್ ಭಾಷೆಯನ್ನು ಹುಡುಕಿ ತಂದರು. ಕಾಯಿದೆಯ ಅರ್ಥದಲ್ಲಿ ಗೇಲಿಕ್ ಯುರೋಪಿಯನ್ ಭಾಷೆಯಲ್ಲ ಎಂದು ಅಲ್ಲಿನ ಉಚ್ಚ ನ್ಯಾಯಾಲಯ ತೀರ್ಪು ಕೊಟ್ಟದ್ದರಿಂದ ಅವರು ಪಾರಾದರು. ಈ ತೀರ್ಪಿನಿಂದ ಗೇಲಿಕ್ ಆಡುವವರಿಗೂ ಅವಮಾನವಾಯಿತು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ.

ಮೂಲ ಪ್ರಶ್ನೆಗೆ ನನ್ನ ಉತ್ತರವೂ ಇದರಲ್ಲೇ ಇದೆ. ಉಕ್ತಲೇಖನದ ವಾಕ್ಯಗಳಲ್ಲಿ ಯಾವ ದೋಷವೂ ಇರಲಿಲ್ಲ. ಯಾವ ಭಾಷೆ, ಯಾರಿಗೆ, ಯಾವಾಗ ಎಂದು ತೀರ್ಮಾನಿಸುವ ಹಕ್ಕು ಒಬ್ಬರ ಕೈಯಲ್ಲೇ ಇದ್ದುದು ದೋಷ. ಹಾಗಾಗಿ ವಾಕ್ಯವನ್ನಷ್ಟೇ ಬಿಡಿಸಿ ನೋಡಿದರೆ ಅನ್ಯಾಯದ ದೊಡ್ಡ ಭಾಗ ಕಣ್ಣಿಗೆ ಬೀಳುವುದಿಲ್ಲ. 1362ರಷ್ಟು ಹಿಂದೆಯೇ ಇಂಗ್ಲೆಂಡಿನ ಒಂದು ಶಾಸನ, ನ್ಯಾಯಾಲಯದ ಫ್ರೆಂಚ್ ಜನರಿಗೆ ತಿಳಿಯದ ಕಾರಣ ತಮ್ಮ ಪರವಾಗಿ ಮತ್ತು ವಿರುದ್ಧವಾಗಿ ಏನು ಹೇಳಲಾಗುತ್ತಿದೆ ಎಂಬುದೇ ಕಕ್ಷಿದಾರರಿಗೆ ಗೊತ್ತಾಗುತ್ತಿಲ್ಲ ಎಂದು ಒಪ್ಪಿಕೊಂಡು, ವಾದಗಳು ಇಂಗ್ಲಿಷಿನಲ್ಲಿ ನಡೆಯಬೇಕೆಂದು ವಿಧಿಸಿತು. ದಾಖಲೆ ಮಾತ್ರ ಲ್ಯಾಟಿನ್‌ನಲ್ಲೇ ಮುಂದುವರಿಯಿತು.

ಪ್ರತಿಕ್ರಿಯೆ 4

ಒಂದು ಮಾತು ಸೇರಿಸುತ್ತೇನೆ. ಹೊರಗಿಡುವ ಭಾಷೆ ಯಾವಾಗಲೂ ಕಡತದ ಭಾಷೆಯಾಗಿರುವುದಿಲ್ಲ, ಅದು ತೀರ ಸರಳವಾಗಿಯೂ ಇರಬಹುದು. ರುವಾಂಡಾದಲ್ಲಿ 1994ರ ನರಮೇಧದ ಮುನ್ನ ಮತ್ತು ನಡುವೆ ಒಂದು ರೇಡಿಯೋ ಕೇಂದ್ರ ಅಲ್ಲಿನ ಅಲ್ಪಸಂಖ್ಯಾತ ಟುಟ್ಸಿ ಜನರನ್ನು ಜಿರಳೆಗಳೆಂದು ಕರೆಯುತ್ತಿತ್ತು. ಮಗುವಿಗೂ ಅರ್ಥವಾಗುವ ಪದ ಅದು. ಆ ಕೇಂದ್ರದ ಸ್ಥಾಪಕರಲ್ಲಿ ಇಬ್ಬರನ್ನು ಅಂತರರಾಷ್ಟ್ರೀಯ ನ್ಯಾಯಮಂಡಳಿ 2003ರಲ್ಲಿ ತಪ್ಪಿತಸ್ಥರೆಂದು ತೀರ್ಮಾನಿಸಿತು. ಸ್ಪಷ್ಟವಾಗಿ ಬರೆದರೆ ಎಲ್ಲ ಸರಿಹೋಗುತ್ತದೆ ಎಂದು ನಂಬುವವರು ಇದನ್ನು ನೆನಪಿನಲ್ಲಿಡಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಸುತ್ತೋಲೆಯ ವಾಕ್ಯವನ್ನು ಕರ್ತರಿ ಪ್ರಯೋಗದಲ್ಲಿ ಬರೆದು, ತೀರ್ಮಾನಿಸಿದವರು, ಕಾರಣ, ಸಂಖ್ಯೆ ಇವುಗಳ ಜಾಗವನ್ನು ಖಾಲಿ ಬಿಟ್ಟು, ತುಂಬಿಕೊಡುವಂತೆ ಆಡಳಿತಕ್ಕೆ ಲಿಖಿತ ಮನವಿ ಸಲ್ಲಿಸಲು ನಾವು ನಿರ್ಧರಿಸಿದ್ದೇವೆ. ಎರಡನೆಯವರ ಸಲಹೆಯಂತೆ, ಉಳಿಯುವವರ ಸಂಖ್ಯೆಯನ್ನೂ ಹೋಗುವವರ ಸಂಖ್ಯೆಯನ್ನೂ ಜೊತೆಯಲ್ಲೇ ಕೇಳುತ್ತೇವೆ.

ಮೂರನೆಯವರ ಬರಹ ಓದಿದ ಮೇಲೆ ವಿಚಾರಿಸಿದಾಗ ಇನ್ನೊಂದು ಸಂಗತಿ ತಿಳಿಯಿತು. ಸುತ್ತೋಲೆ ಇಮೇಲ್ ಮೂಲಕ ಮಾತ್ರ ಬಂದಿತ್ತು. ಇಮೇಲ್ ಇಲ್ಲದ ಸ್ವಚ್ಛತಾ ಸಿಬ್ಬಂದಿಗೂ ಕಾವಲುಗಾರರಿಗೂ ಅದು ತಲುಪಿಯೇ ಇಲ್ಲ. "ಸಂಬಂಧಪಟ್ಟವರು" ಎಂಬ ಪದದೊಳಗೆ ಅವರೂ ಇದ್ದಾರೆಯೇ ಎಂಬುದನ್ನು ಮನವಿಯಲ್ಲಿ ಮೊದಲ ಪ್ರಶ್ನೆಯಾಗಿ ಇಡುತ್ತಿದ್ದೇವೆ. ಅವರಲ್ಲಿ ಕೆಲವರಿಗೆ ಓದು ಬರಹವಿಲ್ಲ. ಮನವಿಗೆ ಸಹಿ ಅಥವಾ ಹೆಬ್ಬೆಟ್ಟು ಹಾಕುವ ಮೊದಲು ಅದನ್ನು ಅವರೆದುರು ಗಟ್ಟಿಯಾಗಿ ಓದಿದರೆ ಸಾಕೇ, ಅಥವಾ ಅವರ ಮಾತನ್ನು ಅವರು ಆಡಿದಂತೆಯೇ ಬರೆದುಕೊಂಡು ಬೇರೆಯಾಗಿ ಲಗತ್ತಿಸುವುದು ಉತ್ತಮವೇ? ಈ ಬಗೆಯ ಕೆಲಸದ ಅನುಭವವಿರುವವರು ದಯವಿಟ್ಟು ತಿಳಿಸಿ.